ಬಂಡೆಯ ಸಂದಿಗೆ ಹಿಡಿಸುವ ಬ್ಯಾಗು: ಲಕ್ಸೆಂಬರ್ಗಿನ ಮುಲ್ಲರ್‌ಥಾಲ್ ಹಾದಿಯಲ್ಲಿ ಏಳು ದಿನ

ಮುಲ್ಲರ್‌ಥಾಲ್ ಹಾದಿಯ ಎತ್ತರದ ಲೆಕ್ಕ ನೋಡಿ ಮೋಸ ಹೋಗಬಾರದು. ಒಟ್ಟು 112 ಕಿ.ಮೀ., ಎಲ್ಲವೂ ಸಮುದ್ರಮಟ್ಟದಿಂದ ನಾನೂರು ಮೀಟರಿನ ಆಸುಪಾಸಿನೊಳಗೇ ಮುಗಿಯುತ್ತದೆ. ಕುಮಾರಪರ್ವತ ಹತ್ತಿ ಇಳಿದವರಿಗೆ ‘ಇದೂ ಒಂದು ಚಾರಣವೇ?’ ಅನ್ನಿಸೀತು. ಆದರೆ ಇಲ್ಲಿ ಸುಸ್ತು ಮಾಡುವುದು ಏರಲ್ಲ, ಒದ್ದೆ ಬಂಡೆ. ನಾನು ಯೋಜನೆ ಹಾಕುವಾಗ ಕಿಲೋಮೀಟರ್ ಬಿಟ್ಟು ಗಂಟೆ ಲೆಕ್ಕ ಹಾಕಿದೆ. ಹೊಲದ ದಾರಿಯಲ್ಲಿ ಗಂಟೆಗೆ ನಾಲ್ಕೂವರೆ ಕಿ.ಮೀ., ಬಂಡೆಗಳ ನಡುವೆ ಎರಡರಿಂದ ಎರಡೂವರೆ. ಈ ಲೆಕ್ಕ ಕೊನೆಯವರೆಗೂ ಸರಿಯಾಗಿಯೇ ನಡೆಯಿತು.

ಬಂಡೆ ಹೀಗೇಕೆ ಸೀಳಿದೆ ಎಂದು ತಿಳಿದಿದ್ದರೆ ಕಾಲಿಡುವುದೂ ಸುಲಭ. ಸುಮಾರು 20 ಕೋಟಿ ವರ್ಷ ಹಳೆಯ ಮರಳುಗಲ್ಲಿನ ದಪ್ಪ ಪದರ ಇಲ್ಲಿ ಮೆತ್ತನೆಯ ಜೇಡಿಮಣ್ಣಿನ ಪದರದ ಮೇಲೆ ಕೂತಿದೆ. ಹೊಳೆ ಕಣಿವೆಯನ್ನು ಕೊರೆದಾಗ ಅಂಚಿನ ಬಂಡೆಗೆ ಆಸರೆ ತಪ್ಪುತ್ತದೆ. ನೀರು ಕುಡಿದ ಜೇಡಿಯ ಮೇಲೆ ಅದು, ಬೆಣ್ಣೆಯ ಮೇಲಿಟ್ಟ ಬೆಲ್ಲದ ಅಚ್ಚಿನ ಹಾಗೆ, ಮೆಲ್ಲಗೆ ಕಣಿವೆಯ ಕಡೆ ಜಾರಿ ಹಿಂದೆ ಬಿರುಕು ಬಿಡುತ್ತದೆ. ಆ ಬಿರುಕುಗಳೇ ನಾವು ನುಸುಳಿ ಹೋಗುವ ಓಣಿಗಳು. ಮರಳುಗಲ್ಲು ನೀರನ್ನು ಒಳಗೆ ಹಿಡಿದಿಟ್ಟುಕೊಳ್ಳುತ್ತದೆ, ಸಂದಿಗೆ ಬಿಸಿಲು ತಾಗುವುದಿಲ್ಲ. ಹಾಗಾಗಿ ಮಳೆ ನಿಂತು ಎರಡು ದಿನವಾದರೂ ಮೆಟ್ಟಿಲ ಮೇಲೆ ಹಸಿರು ಪಾಚಿ ಜಾರುತ್ತಲೇ ಇರುತ್ತದೆ. ಮರದ ಮೆಟ್ಟಿಲು ಇನ್ನೂ ಕೆಟ್ಟದ್ದು. ಅಂಚಿಗೆ ಕಾಲಿಡದೆ, ಪಾದ ಅಡ್ಡ ಮಾಡಿ ನಡುವೆ ಇಡಬೇಕು.

ವೀಸಾದ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಬೇಕಾದದ್ದು ಷೆಂಗೆನ್ ವೀಸಾ (ಆ ಹೆಸರಿನ ಹಳ್ಳಿ ಇರುವುದು ಇದೇ ದೇಶದಲ್ಲಿ, ಮೊಸೆಲ್ ನದಿಯ ದಡದಲ್ಲಿ, ಒಪ್ಪಂದಕ್ಕೆ 1985ರಲ್ಲಿ ಸಹಿ ಬಿದ್ದದ್ದು ಅಲ್ಲೇ). ಹೆಚ್ಚು ರಾತ್ರಿ ಯಾವ ದೇಶದಲ್ಲಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ವಿಮಾನ ಪ್ಯಾರಿಸ್‌ನಲ್ಲಿ ಇಳಿಯುತ್ತದೆಂದು ಫ್ರಾನ್ಸಿಗೆ ಹಾಕುವುದು ಸಾಮಾನ್ಯ ತಪ್ಪು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಹದಿನೈದು ದಿನ ಉಳಿದಿರುವವರೆಗೆ ಅರ್ಜಿ ಕೊಡಬಹುದು. ಆರೋಗ್ಯ ವಿಮೆ ಕನಿಷ್ಠ 30,000 ಯೂರೋದ್ದಿರಬೇಕು. ಚಾರಣವಾದ್ದರಿಂದ ದಿನಕ್ಕೊಂದು ಊರು. ಒಂದೊಂದು ರಾತ್ರಿಯ ಬುಕಿಂಗ್ ಪತ್ರವನ್ನೂ ದಿನಚರಿಯ ಪಟ್ಟಿಯ ಜೊತೆ ಕ್ರಮವಾಗಿ ಜೋಡಿಸಿ. ಒಂದು ರಾತ್ರಿ ಖಾಲಿ ಬಿಟ್ಟರೂ ಪ್ರಶ್ನೆ ಬರುತ್ತದೆ. ಡೇರೆ ಹಾಕುತ್ತೇನೆ ಎನ್ನುವ ಉತ್ತರ ನಡೆಯುವುದಿಲ್ಲ, ಕಾಡಿನಲ್ಲಿ ಎಲ್ಲೆಂದರಲ್ಲಿ ಡೇರೆ ಹಾಕುವುದಕ್ಕೆ ಅಲ್ಲಿ ನಿಷೇಧವಿದೆ.

ದೇಶದ ವಿಸ್ತೀರ್ಣ 2,586 ಚದರ ಕಿ.ಮೀ., ನಮ್ಮ ಕೊಡಗಿಗಿಂತ ಚಿಕ್ಕದು. 2020ರ ಮಾರ್ಚ್ 1ರಿಂದ ದೇಶದೊಳಗಿನ ಬಸ್ಸು, ರೈಲು, ಟ್ರಾಮ್ ಎಲ್ಲವೂ ಉಚಿತ. ರೈಲಿನ ಮೊದಲ ದರ್ಜೆಗೆ ಮಾತ್ರ ಹಣ. ಟಿಕೆಟ್ ಕೇಳುವವರೂ ಇಲ್ಲ, ಹತ್ತಿ ಕೂತರಾಯಿತು. ಇಡೀ ಚಾರಣವನ್ನು ನಾನು ಕಟ್ಟಿದ್ದು ಈ ಸೌಲಭ್ಯದ ಮೇಲೆಯೇ. ದಿನದ ನಡಿಗೆ ಮುಗಿದ ಹಳ್ಳಿಯಲ್ಲಿ ಕೋಣೆ ಸಿಗದಿದ್ದರೆ ಬಸ್ಸು ಹಿಡಿದು ಹಿಂದಿನ ಊರಿಗೆ ಬಂದು, ಬೆಳಿಗ್ಗೆ ಅದೇ ನಿಲ್ದಾಣಕ್ಕೆ ಮರಳಬಹುದು. ಆದರೆ ಭಾನುವಾರ ಮತ್ತು ಸಂಜೆ ಎಂಟರ ನಂತರ ಹಳ್ಳಿ ಬಸ್ಸುಗಳು ವಿರಳ. ಬಸ್ಸು ಬಂದಾಗ ಕೈ ಅಡ್ಡ ಮಾಡಿ, ಸುಮ್ಮನೆ ನಿಂತರೆ ಚಾಲಕ ಮುಂದಕ್ಕೆ ಹೋಗಿಬಿಡುತ್ತಾನೆ. ಊರಿನ ಹೆಸರಿನ ಗೊಂದಲವೂ ಇದೆ. ಫ್ರೆಂಚಿನ ಲಾರೊಶೆಟ್ ಜರ್ಮನ್ ನಕ್ಷೆಯಲ್ಲಿ ಫೆಲ್ಸ್, ಬೋಫೋರ್ ಅಲ್ಲಿ ಬೆಫೋರ್ಟ್. ಎರಡನ್ನೂ ಬರೆದಿಟ್ಟುಕೊಳ್ಳಿ.

ಹಾದಿ ಮೂರು ಸುತ್ತುಗಳದ್ದು. ಮೊದಲನೆಯದು 38 ಕಿ.ಮೀ., ಉಳಿದೆರಡು 37 ಕಿ.ಮೀ. ಒಂದು, ಎರಡನೇ ಸುತ್ತು ಎಖ್ಟರ್‌ನಾಖ್ ಪಟ್ಟಣದಲ್ಲಿ ಸೇರುತ್ತವೆ. ಎರಡು, ಮೂರನೆಯವು ಮುಲ್ಲರ್‌ಥಾಲ್ ಹಳ್ಳಿಯಲ್ಲಿ. ನಡೆದ ಕ್ರಮ ಹೀಗಿತ್ತು: ಮೊದಲೆರಡು ದಿನ ಎಖ್ಟರ್‌ನಾಖ್‌ನಲ್ಲೇ ತಂಗಿ, ದೊಡ್ಡ ಬ್ಯಾಗು ಅಲ್ಲೇ ಬಿಟ್ಟು, ಒಂದನೇ ಸುತ್ತನ್ನು ಮೋರ್ಸ್‌ಡಾರ್ಫ್ ಬಳಿ ಮುರಿದು ಬಸ್ಸಿನಲ್ಲಿ ವಾಪಸು. ಮೂರನೇ ದಿನ ಬೆರ್ಡಾರ್ಫ್. ನಾಲ್ಕನೇ ದಿನ ಮುಲ್ಲರ್‌ಥಾಲ್ ಮೂಲಕ ಬೋಫೋರ್. ಐದಕ್ಕೆ ಲಾರೊಶೆಟ್, ಆರಕ್ಕೆ ಮತ್ತೆ ಮುಲ್ಲರ್‌ಥಾಲ್, ಏಳಕ್ಕೆ ಕೋನ್ಸ್‌ಡಾರ್ಫ್ ದಾಟಿ ಎಖ್ಟರ್‌ನಾಖ್. ಎಖ್ಟರ್‌ನಾಖ್, ಬೋಫೋರ್, ಲಾರೊಶೆಟ್ ಮೂರರಲ್ಲೂ ಯೂತ್ ಹಾಸ್ಟೆಲ್ ಇದೆ. ಹೊದಿಕೆ ಅವರೇ ಕೊಡುತ್ತಾರೆ, ಟವೆಲ್ ನಮ್ಮದು. ಎಖ್ಟರ್‌ನಾಖ್‌ನ ಹಾಸ್ಟೆಲ್ ಊರ ಹೊರಗೆ ಕೆರೆಯ ಪಕ್ಕದಲ್ಲಿದೆ, ದಿನದ ಕೊನೆಗೆ ಆ ನಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಒಂದನೇ ಸುತ್ತನ್ನು ಸಪ್ಪೆ ಎಂದು ಬಿಡುವವರಿದ್ದಾರೆ. ಸೂರ್ ನದಿಯ ದಡ, ಹೊಲ, ಹಣ್ಣಿನ ತೋಟ. ಕಾಲು ಪಳಗಲು ಇದೇ ಸರಿ. ಈ ಬದಿಯ ರೋಸ್ಪೋರ್ಟ್‌ನಲ್ಲಿ ಹೆನ್ರಿ ಟ್ಯೂಡರ್ ಎಂಬ ಎಂಜಿನಿಯರ್ 1880ರ ದಶಕದಲ್ಲಿ ನಿಜಕ್ಕೂ ಬಳಕೆಗೆ ಬರುವ ಸೀಸ-ಆಮ್ಲ ಬ್ಯಾಟರಿಯನ್ನು ರೂಪಿಸಿದ. ನಮ್ಮ ಮನೆಗಳ ಯುಪಿಎಸ್ ಪಕ್ಕ ಕೂತಿರುವ ಬ್ಯಾಟರಿಯ ಪೂರ್ವಜ.

ನಿಜವಾದ ಕೆಲಸ ಮೂರನೇ ದಿನದ್ದು. ಎಖ್ಟರ್‌ನಾಖ್ ಬಿಟ್ಟ ಸ್ವಲ್ಪ ಹೊತ್ತಿಗೇ ತೋಳಕಣಿವೆ, ಜರ್ಮನ್ನಿನಲ್ಲಿ ವೊಲ್ಫ್ಸ್‌ಶ್ಲುಖ್ಟ್, ಬಾಯಿ ತೆರೆಯುತ್ತದೆ. ಎರಡೂ ಕಡೆ ನೆಟ್ಟಗಿನ ಗೋಡೆ, ನಡುವೆ ಮೆಟ್ಟಿಲು. ಮುಂದೆ ಪೆರೆಕೊಪ್ ಎಂಬ ಸುಮಾರು 40 ಮೀಟರ್ ಎತ್ತರದ ಬಂಡೆ. ಅದರ ಸೀಳಿನೊಳಗೇ ಮೆಟ್ಟಿಲಿದೆ. ಬ್ಯಾಗಿನ ಅಗಲ ಗೊತ್ತಾಗುವುದು ಇಂಥ ಕಡೆ. ಕೆಲವು ಸಂದಿಗಳು ಭುಜದಷ್ಟೇ ಅಗಲ. ಮ್ಯಾಟನ್ನು ಬ್ಯಾಗಿಗೆ ಅಡ್ಡಲಾಗಿ ಕಟ್ಟಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಎರಡೂ ಪಕ್ಕದ ಜೇಬಿನಲ್ಲಿ ಬಾಟಲಿ ಇಟ್ಟರೂ ಅದೇ ಕಥೆ. 32 ಲೀಟರಿನ, 30 ಸೆಂ.ಮೀ. ಮೀರದ ಅಗಲದ ಬ್ಯಾಗು ಒಯ್ದೆ; ಒಂದೂವರೆ ಲೀಟರ್ ನೀರೂ ಸೇರಿ ಏಳೂವರೆ ಕೆ.ಜಿ. ಬಿಗಿಯಾದ ಕಡೆ ಸೊಂಟದ ಪಟ್ಟಿ ಮೊದಲು ಬಿಚ್ಚಿ, ಒಂದು ಭುಜದಿಂದ ಇಳಿಸಿ, ಬ್ಯಾಗನ್ನು ಮುಂದಿನ ಕೈಯಲ್ಲಿ ತೂಗುಹಾಕಿ, ಬೆನ್ನನ್ನು ಒಂದು ಗೋಡೆಗೆ ತಾಗಿಸಿಕೊಂಡು ಏಡಿಯ ಹಾಗೆ ಪಕ್ಕಕ್ಕೆ ಸರಿಯಬೇಕು. ಎದೆ ಮುಂದೆ ಮಾಡಿ ನುಗ್ಗಿದರೆ ಮೊಣಕೈ ತರಚುತ್ತದೆ, ಮರಳುಗಲ್ಲು ಉಪ್ಪುಕಾಗದವೇ ಸರಿ.

ಬ್ಯಾಗಿನ ಮೇಲೆ ಹಾಕುವ ಮಳೆಗವಸು ಈ ಗೋಡೆಗೆ ಉಜ್ಜಿ ಒಂದೇ ದಿನದಲ್ಲಿ ಹರಿಯುತ್ತದೆ. ಅದರ ಬದಲು ದಪ್ಪ ಪ್ಲಾಸ್ಟಿಕ್ ಚೀಲವನ್ನು ಬ್ಯಾಗಿನ ಒಳಗೆ ಹಾಕಿ, ಅದರಲ್ಲಿ ಬಟ್ಟೆ ತುಂಬಿ, ಬಾಯಿ ತಿರುಚಿ ಮಡಿಸಿ. ಊರಿ ನಡೆಯುವ ಪೋಲುಗಳು ಇಳಿಜಾರಿನ ಕೆಸರಿಗೆ ಬೇಕು, ಸಂದಿಯಲ್ಲಿ ಬರೀ ಕಾಟ, ಮಡಚುವಂಥವೇ ಇರಲಿ. ಶೂಗಳಲ್ಲಿ ಅಟ್ಟೆ ಸವೆದಿರಬಾರದು, ಇಷ್ಟೇ ಮುಖ್ಯ.

ಕಲ್ಲಿನ ಓಣಿಗಳಲ್ಲಿ ಫೋನಿನ ಜಿಪಿಎಸ್ ಚುಕ್ಕಿ ಐವತ್ತು ಮೀಟರ್ ಆಚೀಚೆ ಕುಣಿಯುತ್ತದೆ. ಮೂರು ಮಹಡಿಯಲ್ಲಿ ದಾರಿಗಳಿರುವ ಕಡೆ ಅದರಿಂದ ಪ್ರಯೋಜನವಿಲ್ಲ. ಹಾದಿಯ ಕೆಂಪು ಎಂ (M) ಗುರುತನ್ನೇ ನಂಬಿ. ಮೂರೂ ಸುತ್ತಿಗೂ ಅದೇ ಎಂ ಆದ್ದರಿಂದ, ಸುತ್ತುಗಳು ಕೂಡುವ ಕವಲುಗಳಲ್ಲಿ ಕಂಬದ ಮೇಲಿನ ಸಂಖ್ಯೆ ಓದದೆ ತಿರುಗಬೇಡಿ. ಬೆರ್ಡಾರ್ಫ್ ಊರಿನ ಸಣ್ಣ ಸುತ್ತುಗಳಿಗೆ ಬಿ ಅಕ್ಷರದ ಗುರುತು. ಅವು ಕೆಲವು ಕಡೆ ನಮ್ಮ ಹಾದಿಯ ಜೊತೆಗೇ ಹೋಗಿ ಸದ್ದಿಲ್ಲದೆ ಅಗಲುತ್ತವೆ. ಹತ್ತು ನಿಮಿಷ ಎಂ ಕಾಣದಿದ್ದರೆ ಕೊನೆಯದಾಗಿ ಕಂಡಲ್ಲಿಗೆ ಹಿಂದಿರುಗುವುದು ನನ್ನ ನಿಯಮ.

ಬೆರ್ಡಾರ್ಫ್ ಬಳಿಯ ಹೋಲ್‌ಲಾಯ್ ಗುಹೆಯಲ್ಲಿ ಅರ್ಧ ಗಂಟೆ ಕಳೆಯಿರಿ. ಇದು ಪ್ರಕೃತಿ ಮಾಡಿದ್ದಲ್ಲ, ಬೀಸುಕಲ್ಲಿಗಾಗಿ ಕಡಿದದ್ದು. ಗೋಡೆ, ಸೂರಿನ ತುಂಬ ದೊಡ್ಡ ದೋಸೆಕಾವಲಿ ಒತ್ತಿ ತೆಗೆದ ಹಾಗೆ ದುಂಡನೆಯ ಗುರುತುಗಳು. ಕೈಯಾಡಿಸಿದರೆ ಉಳಿ ಓಡಿದ ಗೆರೆ ಒಂದೊಂದೂ ತಿಳಿಯುತ್ತದೆ.

ಶಿಸೆನ್‌ಟ್ಯುಂಪೆಲ್ ಜಲಪಾತವನ್ನು ಚಿತ್ರಗಳಲ್ಲಿ ನೋಡಿ ಜೋಗದಂಥದ್ದು ಎಂದುಕೊಂಡರೆ ನಿರಾಸೆ. ಮೂರು ಪುಟ್ಟ ಧಾರೆ, ಮೇಲೆ 1879ರ ಕಲ್ಲುಸೇತುವೆ. ಮುಲ್ಲರ್‌ಥಾಲ್‌ಗೆ ಹತ್ತಿರ, ರಸ್ತೆಗೂ ಹತ್ತಿರ, ಹಾಗಾಗಿ ವಾರಾಂತ್ಯದಲ್ಲಿ ಜಾತ್ರೆ. ಬೆಳಿಗ್ಗೆ ಒಂಬತ್ತರೊಳಗೆ ದಾಟಿ. ನನ್ನ ಮಟ್ಟಿಗೆ ಇದಕ್ಕಿಂತ ಚೆಲುವು ಬೋಫೋರ್ ಕಡೆಯ ಹಾಲರ್‌ಬಾಖ್ ತೊರೆಯ ದಾರಿ. ಆದರೆ ಅಲ್ಲಿ ಬೇರು, ಪಾಚಿಗಲ್ಲು, ಸಣ್ಣ ಮರದ ಸೇತುವೆಗಳು. ಮಳೆ ಬಂದರೆ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.

ಊಟದ ವಿಷಯ. ಐರೋಪ್ಯ ಒಕ್ಕೂಟದೊಳಕ್ಕೆ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ತರುವಂತಿಲ್ಲ. ತುಪ್ಪ, ಪೇಡ ಮನೆಯಲ್ಲೇ ಬಿಡಿ. ಹಸಿ ಕರಿಬೇವೂ ಬೇಡ. ಚಟ್ನಿಪುಡಿ, ಹುರಿದ ಶೇಂಗಾ, ತೆಳು ಅವಲಕ್ಕಿ ಒಯ್ದೆ. ಡಬ್ಬಿಯಲ್ಲಿ ಒಂದು ಹಿಡಿ ಅವಲಕ್ಕಿಗೆ ನೀರು ಚಿಮುಕಿಸಿ ಐದು ನಿಮಿಷ ಬಿಟ್ಟರೆ ಮಧ್ಯಾಹ್ನದ ಊಟ. ಹೋಟೆಲುಗಳ ಅಡುಗೆಮನೆ ಮಧ್ಯಾಹ್ನ ಎರಡಕ್ಕೆ ಮುಚ್ಚಿ ಸಂಜೆ ಆರಕ್ಕೆ ತೆರೆಯುತ್ತದೆ, ಸೋಮವಾರ ಅಥವಾ ಮಂಗಳವಾರ ಹಲವು ಕಡೆ ರಜೆ. ಶನಿವಾರವೇ ಎಖ್ಟರ್‌ನಾಖ್‌ನಲ್ಲಿ ಬ್ರೆಡ್ಡು, ಚೀಸು ಕೊಂಡಿಟ್ಟುಕೊಳ್ಳಿ. ಗ್ರೋಂಪೆರೆಕಿಖೆಲ್ಖರ್ ಎಂಬ ಆಲೂಗಡ್ಡೆ ವಡೆಯಲ್ಲಿ ಮೊಟ್ಟೆ ಇರುತ್ತದೆ. ಕ್ನಿಡ್ಡೆಲೆನ್ ಎಂಬ ಹಿಟ್ಟಿನ ಕಡುಬಿನ ಮೇಲೆ ಹಂದಿಮಾಂಸದ ಚೂರು ಉದುರಿಸುವುದು ರೂಢಿ. 'ಓನೆ ಶ್ಪೆಕ್' ಎಂದು ಹೇಳಿದರೆ ಬಿಟ್ಟು ಕೊಡುತ್ತಾರೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. 'ಓ ನೋ ಪೊತಾಬ್ಲ್' ಅಥವಾ 'ಕೈನ್ ಟ್ರಿಂಕ್‌ವಾಸರ್' ಎಂದು ಬರೆದಿದ್ದರೆ ಮುಟ್ಟಬೇಡಿ. ತೊರೆ ನೀರೂ ಬೇಡ, ಮೇಲೆ ದನ ಮೇಯುತ್ತವೆ.

ಕಾಡಿನ ಹುಲ್ಲಿನಲ್ಲಿ ಉಣ್ಣೆಹುಳು ಇದೆ, ಲೈಮ್ ಕಾಯಿಲೆ ಹರಡುವಂಥದ್ದು. ಸಂಜೆ ಸ್ನಾನಕ್ಕೆ ಮುಂಚೆ ಮಂಡಿಯ ಹಿಂಬದಿ, ತೊಡೆಸಂದು, ಕಂಕುಳು, ಹೊಟ್ಟೆಪಟ್ಟಿಯ ಜಾಗ ನೋಡಿಕೊಳ್ಳಿ. ಕಚ್ಚಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು. ಎಣ್ಣೆ ಸವರುವುದು, ಬೆಂಕಿಕಡ್ಡಿ ತೋರಿಸುವುದು ತಪ್ಪು. ತುರ್ತಿಗೆ 112.

ಕೊನೆಯ ದಿನ ಕೋನ್ಸ್‌ಡಾರ್ಫ್ ಕಾಡಿನ ಕೂಯೆಲ್‌ಶಾಯರ್ ಸಂದಿಗೆ ತಲೆಗೆ ಕಟ್ಟುವ ಟಾರ್ಚು ಬೇಕೇ ಬೇಕು. ಒಳಗೆ ನಟ್ಟನಡುಹಗಲಲ್ಲೂ ಕತ್ತಲು. ಫೋನಿನ ಟಾರ್ಚು ಸಾಲದು, ಎರಡೂ ಕೈ ಗೋಡೆಗೆ ಬೇಕಾಗುತ್ತವೆ. ಇಕ್ಕಟ್ಟು ಆಗದವರು ಬಿಟ್ಟುಬಿಡಿ.

ಕಾಲ ಮೇ, ಜೂನ್ ಅಥವಾ ಸೆಪ್ಟೆಂಬರ್. ಜೂನಿನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ. ಅಕ್ಟೋಬರ್ ಕೊನೆಯ ಬೀಚ್ ಎಲೆಗಳು ನೋಡಲು ಚೆಂದ, ಆದರೆ ಮೆಟ್ಟಿಲನ್ನೂ ಬೇರನ್ನೂ ಮುಚ್ಚಿಬಿಡುತ್ತವೆ. ಮೇ ಅಥವಾ ಜೂನಿಗೆ ಹೋಗುವುದಾದರೆ ಪೆಂಟೆಕೋಸ್ಟ್ ಹಬ್ಬದ ಮಂಗಳವಾರ ಯಾವತ್ತು ಬರುತ್ತದೆಂದು ಮೊದಲೇ ನೋಡಿ. ಅಂದು ಎಖ್ಟರ್‌ನಾಖ್‌ನಲ್ಲಿ ಸಂತ ವಿಲ್ಲಿಬ್ರೋರ್ಡ್ ಹೆಸರಿನ ಕುಣಿತದ ಮೆರವಣಿಗೆ. 2010ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು. ನೋಡುವ ಆಸೆಯಿದ್ದರೆ ಕೋಣೆಯನ್ನು ತಿಂಗಳುಗಳ ಮೊದಲೇ ಹಿಡಿಯಿರಿ, ಇಲ್ಲದಿದ್ದರೆ ಆ ದಿನಕ್ಕೆ ಲಾರೊಶೆಟ್ ಬದಿಯಲ್ಲಿರುವ ಹಾಗೆ ಸುತ್ತುಗಳ ಕ್ರಮ ಬದಲಿಸಿಕೊಳ್ಳಿ.