ಮೀನು ಕೊಳ್ಳುವಾಗ ಟೇಪು ಜೊತೆಗಿರಲಿ

ಮಲ್ಪೆ ಬಂದರಿನ ಹತ್ತಿರವೇ ನಮ್ಮ ಮನೆ. ಊಟಕ್ಕೆ ಮೀನು ಬೇಕೇ ಬೇಕು. ಅದು ಮುಂದೆಯೂ ಸಿಗಬೇಕು ಅಲ್ವಾ? ಅದಕ್ಕೇ ನೋಡಿಯೇ ಖರೀದಿಸುತ್ತೇನೆ.

ಮೊದಲು ಅಳತೆ. ಹೊಲಿಗೆ ಟೇಪಿನ ತುಂಡೊಂದನ್ನು ಪರ್ಸಿನಲ್ಲಿಟ್ಟುಕೊಳ್ಳಿ. ಮೂತಿಯಿಂದ ಬಾಲದ ತುದಿವರೆಗೆ ಬಂಗುಡೆ 14 ಸೆಂಟಿಮೀಟರ್ ಆದರೂ ಇರಬೇಕು, ಭೂತಾಯಿ (ಮತ್ತಿ ಮೀನು) 10. ಕೇರಳದಲ್ಲಿ ಇದಕ್ಕಿಂತ ಚಿಕ್ಕದನ್ನು ಹಿಡಿಯುವಂತಿಲ್ಲ. ಮರಿ ಅಂದರೆ ಒಮ್ಮೆಯೂ ಮೊಟ್ಟೆ ಇಡದ ಮೀನು. ಹೋದ ವರ್ಷ ಒಂದು ಬುಟ್ಟಿಯಲ್ಲಿ ನನ್ನ ಕಿರುಬೆರಳಷ್ಟೇ ಉದ್ದದ ಬಂಗುಡೆ ಕಂಡೆ. ಮೈಗಿಂತ ಕಣ್ಣೇ ದೊಡ್ಡದು ಅನ್ನಿಸುವ ಹಾಗಿತ್ತು. ಹೊಟ್ಟೆ ಉರಿಯಿತು. ಬೇಡ ಅಂದು ಬಂದೆ.

ಆಮೇಲೆ ಕೇಳಿ: "ಅಕ್ಕ, ಇದು ನಾಡದೋಣಿಯದಾ, ಟ್ರಾಲ್ ಬೋಟಿನದಾ?" ಮಾರುವ ಅಕ್ಕಂದಿರಿಗೆ ಎಲ್ಲ ಗೊತ್ತಿರುತ್ತದೆ. ಟ್ರಾಲ್ ಬಲೆ ಸಮುದ್ರದ ತಳವನ್ನೇ ಕೆರೆದು, ಮರಿ, ಏಡಿ, ಶಂಖ ಎಲ್ಲವನ್ನೂ ಬಾಚುತ್ತದೆ. ತಿನ್ನಲು ಬಾರದ್ದು ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಗಾಳದ ಮೀನು ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತೆಗೆದುಕೊಳ್ಳಿ. ಲೈಟ್ ಫಿಶಿಂಗ್ (ದೀಪದ ಬೆಳಕಿಗೆ ಮೀನು ಸೆಳೆದು ಹಿಡಿಯುವುದು), ಬುಲ್ ಟ್ರಾಲಿಂಗ್ (ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವುದು) ಎರಡನ್ನೂ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಅಂಥ ಮೀನು ಅಂತ ಗೊತ್ತಾದರೆ ಮುಟ್ಟಲೇಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ. ಆಗ ಅಂಜಲ್ ಮೀನೇ ಬೇಕು ಅಂತ ಹಠ ಮಾಡಬೇಡಿ. ಮೇ ತಿಂಗಳಲ್ಲೇ ಒಣಮೀನು, ಒಣಸಿಗಡಿ ಡಬ್ಬಿಗೆ ತುಂಬಿಡಿ. ಮಳೆ ಹೊಡೆಯುವಾಗ ಕುಚ್ಚಲಕ್ಕಿ ಗಂಜಿಗೆ ಸಿಗಡಿ ಚಟ್ನಿ ಇದ್ದರೆ ನಮ್ಮ ಮನೆಯಲ್ಲಿ ಯಾರೂ ಬೇರೇನೂ ಕೇಳುವುದಿಲ್ಲ.