ಕೇಬಲ್, ವೈಫೈ, ಹಾಟ್‌ಸ್ಪಾಟ್: ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಸೆಟ್ಟಿಂಗ್ ನಿಮ್ಮ ಕೈಯಲ್ಲೇ ಇರಲಿ

ಕಚೇರಿಯಲ್ಲಿ ಚೆನ್ನಾಗಿಯೇ ನಡೆಯುತ್ತಿದ್ದ ಲ್ಯಾಪ್‌ಟಾಪ್ ಊರಿನ ಮನೆಗೆ ಬಂದ ಕೂಡಲೇ ಹಟ ಹಿಡಿಯುತ್ತದೆ. ಅದೇ ರೂಟರ್‌ನಿಂದ ಮೊಬೈಲ್‌ಗೆ ಇಂಟರ್ನೆಟ್ ಬರುತ್ತಿದೆ, ಟಿವಿಗೂ ಬರುತ್ತಿದೆ. ಲ್ಯಾಪ್‌ಟಾಪ್ ಮಾತ್ರ ‘ನೋ ಇಂಟರ್ನೆಟ್’ ಎಂದು ತೋರಿಸುತ್ತಿದೆ. ಇಂತಹ ಹೊತ್ತಿನಲ್ಲಿ ಹೆಚ್ಚಿನವರು ರೂಟರನ್ನು ಆರಿಸಿ ಮತ್ತೆ ಹಚ್ಚುತ್ತಾರೆ, ಆಮೇಲೆ ಇಂಟರ್ನೆಟ್ ಕಂಪನಿಗೆ ದೂರು ಕೊಡುತ್ತಾರೆ. ಎಷ್ಟೋ ಸಲ ತೊಂದರೆ ಇರುವುದು ಲ್ಯಾಪ್‌ಟಾಪ್‌ನ ಒಳಗೇ: ಕಚೇರಿಯ ನೆಟ್‌ವರ್ಕ್‌ಗೆಂದು ಯಾರೋ ತುಂಬಿಟ್ಟ ನಾಲ್ಕು ಅಂಕಿಗಳು ಅದರೊಂದಿಗೇ ಪ್ರಯಾಣ ಮಾಡಿ ಬಂದಿರುತ್ತವೆ.

ಒಂದು ಜಾಗಕ್ಕೆ ಸೇರಿದ ಸೆಟ್ಟಿಂಗ್ ಆ ಜಾಗದ ರೂಟರ್‌ನಲ್ಲಿರಬೇಕು. ಊರೂರು ತಿರುಗುವ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ‘ಆಟೊಮ್ಯಾಟಿಕ್’ ಆಗಿರಬೇಕು. ಇದಕ್ಕೆ ಹೊರತಾದದ್ದು ಬೇಕಾದಾಗ ಏನು ಮಾಡಬೇಕೆಂದು ಮುಂದೆ ಹೇಳುತ್ತೇನೆ. ವಿವರಣೆ ವಿಂಡೋಸ್ 11ಕ್ಕೆ ಸಂಬಂಧಿಸಿದ್ದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ, ಅದರಲ್ಲಿಯೂ ಇವುಗಳಲ್ಲಿ ಬಹುಪಾಲು ಸೆಟ್ಟಿಂಗ್‌ಗಳು ಬೇರೆ ಬೇರೆ ಪುಟಗಳಲ್ಲಿ ಸಿಗುತ್ತವೆ.

ಮೊದಲು ನೋಡಿ, ಆಮೇಲೆ ಬದಲಿಸಿ

ವಿಂಡೋಸ್ ಕೀ ಹಿಡಿದು ‘ಐ’ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಎಡಬದಿಯಲ್ಲಿ ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’ ಆರಿಸಿ. ಕೇಬಲ್ ಹಾಕಿದ್ದರೆ ‘ಈಥರ್ನೆಟ್’ ಪುಟಕ್ಕೆ ಹೋಗಿ, ವಿವರಗಳು ಅಲ್ಲೇ ಕಾಣುತ್ತವೆ. ಇಲ್ಲವಾದರೆ ‘ವೈಫೈ’ ಪುಟಕ್ಕೆ ಹೋಗಿ ‘ಹಾರ್ಡ್‌ವೇರ್ ಪ್ರಾಪರ್ಟೀಸ್’ ತೆರೆಯಿರಿ. ಅಲ್ಲಿ ಕಾಣುವ ಎಲ್ಲವೂ ನಮಗೆ ಬೇಡ. ಐಪಿವಿ4 ವಿಳಾಸ (ನೆಟ್‌ವರ್ಕ್‌ನಲ್ಲಿ ಲ್ಯಾಪ್‌ಟಾಪ್‌ನ ಗುರುತಿನ ಅಂಕಿ), ಲಿಂಕ್ ಸ್ಪೀಡ್ (ರೂಟರ್‌ಗೂ ಲ್ಯಾಪ್‌ಟಾಪ್‌ಗೂ ನಡುವಿನ ವೇಗ), ಡಿಎನ್‌ಎಸ್ ಸರ್ವರ್ (ಜಾಲತಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಡುವ ಕಂಪ್ಯೂಟರ್), ಈ ಮೂರು ಸಾಲು ಸಾಕು.

ವಿಳಾಸ 192.168 ಅಥವಾ 10ರಿಂದ ಶುರುವಾಗಿದ್ದರೆ ರೂಟರ್ ವಿಳಾಸ ಕೊಟ್ಟಿರುವ ಸಾಧ್ಯತೆ ಹೆಚ್ಚು. 169.254 ಎಂದು ಶುರುವಾಗಿದ್ದರೆ ಕಥೆ ಬೇರೆ. ಲ್ಯಾಪ್‌ಟಾಪ್ ವಿಳಾಸ ಕೇಳಿದೆ, ಯಾರೂ ಕೊಟ್ಟಿಲ್ಲ, ಕೊನೆಗೆ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದು ಇದರ ಅರ್ಥ. ಆಗ ಡಿಎನ್‌ಎಸ್, ಬ್ರೌಸರ್ ಎಂದು ತಡಕಾಡಿ ಪ್ರಯೋಜನವಿಲ್ಲ. ಕೇಬಲ್ ಸರಿಯಾಗಿ ಕೂತಿದೆಯೇ, ಸರಿಯಾದ ಪೋರ್ಟ್‌ನಲ್ಲಿದೆಯೇ, ರೂಟರ್ ಎದ್ದಿದೆಯೇ ಎಂದು ನೋಡಬೇಕು.

ವಿಳಾಸ ಸರಿಯಿದ್ದೂ ಜಾಲತಾಣ ತೆರೆಯದಿದ್ದರೆ ಕಮಾಂಡ್ ಪ್ರಾಂಪ್ಟ್ ತೆರೆದು (ಸ್ಟಾರ್ಟ್ ಒತ್ತಿ ಸಿಎಂಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಟೈಪ್ ಮಾಡಿದರೆ ಸಿಗುತ್ತದೆ) ಮೂರು ಪಿಂಗ್ (ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಸಣ್ಣ ಸಂದೇಶ) ಕಳಿಸಿ. ಪಿಂಗ್ ಎಂದು ಇಂಗ್ಲಿಷ್‌ನಲ್ಲಿ ಬರೆದು, ಒಂದು ಜಾಗ ಬಿಟ್ಟು, ಮೊದಲು ರೂಟರ್‌ನ ವಿಳಾಸ ಕೊಡಿ. ಹೆಚ್ಚಿನ ಮನೆಗಳಲ್ಲಿ ಅದು 192.168.1.1 ಅಥವಾ 192.168.0.1, ರೂಟರ್‌ನ ಹೊಟ್ಟೆಯ ಕೆಳಗಿನ ಚೀಟಿಯಲ್ಲಿ ಬರೆದಿರುತ್ತದೆ. ಎರಡನೆಯ ಸಲ 8.8.8.8 (ಇದು ಗೂಗಲ್‌ನ ಡಿಎನ್‌ಎಸ್ ಸರ್ವರ್‌ನ ವಿಳಾಸ). ಮೂರನೆಯ ಸಲ ಯಾವುದಾದರೂ ದೊಡ್ಡ ಜಾಲತಾಣದ ಹೆಸರು. ಮೊದಲನೆಯದೇ ಸೋತರೆ ತೊಂದರೆ ನಿಮಗೂ ರೂಟರ್‌ಗೂ ನಡುವೆ. ಮೊದಲನೆಯದು ಗೆದ್ದು ಎರಡನೆಯದು ಸೋತರೆ ರೂಟರ್‌ನಿಂದ ಆಚೆ. ಕಂಪನಿಗೆ ಫೋನ್ ಮಾಡಬೇಕಾದದ್ದು ಆಗ. ಮೊದಲೆರಡೂ ಗೆದ್ದು ಮೂರನೆಯದು ಸೋತರೆ ಹೆಸರನ್ನು ಅಂಕಿಯಾಗಿ ಬದಲಿಸಿಕೊಡುವ ಡಿಎನ್‌ಎಸ್‌ನಲ್ಲಿ ತೊಡಕು. ಒಂದೆರಡು ನಿಮಿಷದ ಈ ಕೆಲಸ ಮಾಡಿ ಫೋನ್ ಮಾಡುವವರಿಗೆ ಸಹಾಯವಾಣಿಯವರೂ ಸರಿಯಾಗಿ ಉತ್ತರ ಕೊಡಬೇಕಾಗುತ್ತದೆ.

ತಂತಿಯ ಸಂಪರ್ಕ

ವೈಫೈ ಬಂದ ಮೇಲೆ ಕೇಬಲ್ ಯಾರಿಗೆ ಬೇಕು ಎನ್ನುವವರಿಗೆ ನನ್ನ ಉತ್ತರ: ದಿನವಿಡೀ ವಿಡಿಯೊ ಸಭೆಯಲ್ಲಿ ಕೂರುವವರಿಗೆ, ಆನ್‌ಲೈನ್ ಪರೀಕ್ಷೆ ಬರೆಯುವ ಮಕ್ಕಳಿಗೆ ಬೇಕೇ ಬೇಕು. ಪಕ್ಕದ ಮನೆಯ ರೂಟರ್, ಮೈಕ್ರೋವೇವ್, ನಡುವಿನ ದಪ್ಪ ಗೋಡೆ ಯಾವುದೂ ತಂತಿಯನ್ನು ಕಾಡುವುದಿಲ್ಲ. ಈಗಿನ ತೆಳುವಾದ ಲ್ಯಾಪ್‌ಟಾಪ್‌ಗಳಲ್ಲಿ ಈಥರ್ನೆಟ್ ಪೋರ್ಟ್ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಅಡಾಪ್ಟರ್ ಕೊಳ್ಳಬೇಕು. ಕೊಳ್ಳುವಾಗ ಯುಎಸ್‌ಬಿ 3 ಎಂದು ಖಚಿತಪಡಿಸಿಕೊಳ್ಳಿ. ಯುಎಸ್‌ಬಿ 2ರ ಗರಿಷ್ಠ ವೇಗವೇ 480 ಎಂಬಿಪಿಎಸ್. ಗಿಗಾಬಿಟ್ (ಅಂದರೆ 1000 ಎಂಬಿಪಿಎಸ್) ಅದರೊಳಗೆ ಹಿಡಿಸುವುದಿಲ್ಲ.

ಕೇಬಲ್ ಹಾಕಿದ ಮೇಲೆ ಲಿಂಕ್ ಸ್ಪೀಡ್ ಸಾಲನ್ನು ನೋಡಲೇಬೇಕು. ಅಲ್ಲಿ 1000/1000 ಇರಬೇಕಾದ ಕಡೆ 100/100 ಇದ್ದರೆ ಬಹುತೇಕ ಕೇಬಲ್‌ನದೇ ದೋಷ. ಈಥರ್ನೆಟ್ ಕೇಬಲ್‌ನ ಒಳಗೆ ಎಂಟು ತಂತಿಗಳು, ನಾಲ್ಕು ಜೋಡಿ. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಬಾಗಿಲ ಸಂದಿಯಲ್ಲಿ ಜಜ್ಜಿಹೋದ, ಇಲಿ ಕಡಿದ, ಕ್ಲಿಪ್ ಮುರಿದು ಸಡಿಲವಾದ ಕೇಬಲ್‌ನಲ್ಲಿ ಒಂದು ತಂತಿ ಹೋದರೆ ಸಂಪರ್ಕ ಪೂರ್ತಿ ಕಡಿಯದೆ, ಸದ್ದಿಲ್ಲದೆ 100ಕ್ಕೆ ಇಳಿಯಬಹುದು. 300 ಎಂಬಿಪಿಎಸ್ ಯೋಜನೆಗೆ ತಿಂಗಳು ತಿಂಗಳು ಹಣ ಕಟ್ಟಿ ಮೂರನೇ ಒಂದು ಪಾಲು ವೇಗದಲ್ಲಿ ಬದುಕುವುದು ಹೀಗೆ. ಕ್ಯಾಟ್ 5ಇ ಎಂದು ಮೈಮೇಲೆ ಅಚ್ಚಾದ ಒಳ್ಳೆಯ ಕೇಬಲ್ 100 ಮೀಟರ್ ದೂರದವರೆಗೆ ಗಿಗಾಬಿಟ್ ಒಯ್ಯುತ್ತದೆ. ಮನೆಗೆ ಅದೇ ಧಾರಾಳ. ಕೇಬಲ್ ಹೊಸದಾದರೂ ಅಂಕಿ ಏರದಿದ್ದರೆ ರೂಟರ್‌ನ ಪೋರ್ಟ್‌ಗಳೇ 100ರವು ಇರಬಹುದು, ಅಗ್ಗದ ಮಾದರಿಗಳಲ್ಲಿ ಅದು ಸಾಮಾನ್ಯ.

ಮಲೆನಾಡು, ಕರಾವಳಿಯ ಓದುಗರಿಗೆ ಒಂದು ಮಾತು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಚಾರ್ಜರ್ ಕಿತ್ತಿಟ್ಟರೆ ಸಾಲದು, ಈಥರ್ನೆಟ್ ಕೇಬಲನ್ನೂ ಕೀಳಿ. ಫೈಬರ್‌ನ ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ, ನಿಜ. ಆದರೆ ರೂಟರ್‌ನ ಅಡಾಪ್ಟರ್ ಗೋಡೆಯ ಪ್ಲಗ್‌ನಲ್ಲಿದ್ದರೆ ಅಲ್ಲಿಂದ ಬಂದ ಹೊಡೆತ ತಾಮ್ರದ ಕೇಬಲ್ ಮೂಲಕ ಲ್ಯಾಪ್‌ಟಾಪ್ ತಲುಪಬಹುದು.

ಕಚೇರಿಯ ವಿಳಾಸ, ಮನೆಯ ವಿಳಾಸ

ಈಗ ಆರಂಭದ ತೊಂದರೆಗೆ ಬರೋಣ. ಈಥರ್ನೆಟ್ ಪುಟದಲ್ಲಿ ‘ಐಪಿ ಅಸೈನ್‌ಮೆಂಟ್’ ಎಂಬ ಸಾಲಿನ ಮುಂದೆ ‘ಮ್ಯಾನುಯಲ್’ ಎಂದಿದ್ದರೆ ಯಾರೋ ಸ್ಥಿರ ವಿಳಾಸ ತುಂಬಿದ್ದಾರೆ. ಹೊಸ ಊರಿಗೆ ಬಂದ ಮೇಲೂ ಹಳೆಯ ಪಿನ್‌ಕೋಡ್ ಕೊಟ್ಟು ಕಾಗದಕ್ಕೆ ಕಾಯುವಂತಹ ಸ್ಥಿತಿ ಅದು. ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು (ಇದನ್ನು ಮರೆಯಬೇಡಿ, ಸೋಮವಾರ ಬೇಕಾಗುತ್ತದೆ) ‘ಎಡಿಟ್’ ಒತ್ತಿ ‘ಆಟೊಮ್ಯಾಟಿಕ್ ಡಿಎಚ್‌ಸಿಪಿ’ (ರೂಟರೇ ವಿಳಾಸ ಹಂಚುವ ವ್ಯವಸ್ಥೆ) ಆರಿಸಿ ಉಳಿಸಿ. ‘ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್’ ಸಾಲಿಗೂ ಹಾಗೆಯೇ ಮಾಡಿ. ಎರಡನೆಯದನ್ನು ಬಿಟ್ಟುಬಿಡುವವರೇ ಹೆಚ್ಚು.

ಹಾಗಾದರೆ ವಾರಕ್ಕೆರಡು ಬಾರಿ ಅಂಕಿ ತುಂಬುವುದು, ಅಳಿಸುವುದು ನಡೆದೇ ಇರಬೇಕೇ? ಬೇಡ. ವಿಂಡೋಸ್‌ನಲ್ಲಿ ಬಹಳ ಹಿಂದಿನಿಂದಲೂ ಇರುವ, ಬಳಸುವವರು ಕಡಿಮೆ ಇರುವ ಒಂದು ಸೌಲಭ್ಯವಿದೆ. ವಿಂಡೋಸ್ ಕೀ ಹಿಡಿದು ‘ಆರ್’ ಒತ್ತಿ, ‘ಎನ್‌ಸಿಪಿಎ’ ಎಂಬ ನಾಲ್ಕು ಅಕ್ಷರ, ಚುಕ್ಕಿ, ‘ಸಿಪಿಎಲ್’ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಕೊಡಿ. ಹಳೆಯ ರೂಪದ ಕಿಟಕಿ ತೆರೆಯುತ್ತದೆ. ಈಥರ್ನೆಟ್ ಮೇಲೆ ಬಲ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’, ಅದರೊಳಗೆ ‘ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4’ ತೆರೆಯಿರಿ. ವಿಳಾಸ ಆಟೊಮ್ಯಾಟಿಕ್ ಎಂದಿದ್ದಾಗ ಮಾತ್ರ ಅಲ್ಲಿ ‘ಆಲ್ಟರ್ನೇಟ್ ಕಾನ್ಫಿಗರೇಷನ್’ ಎಂಬ ಎರಡನೇ ಟ್ಯಾಬ್ ಕಾಣುತ್ತದೆ. ಅದರಲ್ಲಿ ‘ಯೂಸರ್ ಕಾನ್ಫಿಗರ್ಡ್’ ಆರಿಸಿ ಕಚೇರಿಯ ಅಂಕಿಗಳನ್ನು ತುಂಬಿ. ಮುಂದೆ ಲ್ಯಾಪ್‌ಟಾಪ್ ಎಲ್ಲಿಯೇ ಇರಲಿ, ಮೊದಲು ರೂಟರನ್ನು ವಿಳಾಸ ಕೇಳುತ್ತದೆ; ಕೊಡುವವರಿಲ್ಲದಿದ್ದರೆ ಮಾತ್ರ ಈ ಅಂಕಿಗಳನ್ನು ಬಳಸುತ್ತದೆ. ಕಚೇರಿಯ ಆ ನೆಟ್‌ವರ್ಕ್‌ನಲ್ಲಿ ಡಿಎಚ್‌ಸಿಪಿ ಇಲ್ಲದಿದ್ದರೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಆಫೀಸ್ ಲ್ಯಾಪ್‌ಟಾಪ್ ಆದರೆ ಅಲ್ಲಿನ ಐಟಿ ವಿಭಾಗದವರನ್ನು ಕೇಳಿಯೇ ಮಾಡಿ.

ಲಿನಕ್ಸ್‌ನ ಒಂದು ರೂಪವಾದ ಉಬುಂಟು ಬಳಸುವವರಿಗೆ ಈ ಸರ್ಕಸ್ ಬೇಕಿಲ್ಲ. ಅಲ್ಲಿ ನೆಟ್‌ವರ್ಕ್‌ಮ್ಯಾನೇಜರ್ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರೊಫೈಲ್ ಇಡುತ್ತದೆ. ‘ವೈರ್ಡ್’ ಪಕ್ಕದ ಪ್ಲಸ್ ಗುರುತು ಒತ್ತಿ ಕಚೇರಿಗೊಂದು, ಮನೆಗೊಂದು ಮಾಡಿಕೊಂಡರಾಯಿತು. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ‘ಲೊಕೇಶನ್’ ಇದೆ.

ಮನೆಯಲ್ಲಿಯೇ ಸ್ಥಿರ ವಿಳಾಸ ಬೇಕೆನ್ನುವವರು, ಉದಾಹರಣೆಗೆ ಲ್ಯಾಪ್‌ಟಾಪ್‌ನಿಂದ ಇತರರಿಗೆ ಫೈಲ್ ಹಂಚುವವರು, ರೂಟರ್‌ನ ಪುಟದಲ್ಲಿ (ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಕೊಟ್ಟರೆ ತೆರೆಯುವುದು) ‘ಅಡ್ರೆಸ್ ರಿಸರ್ವೇಶನ್’ ಮಾಡಿ. ಆಗ ವೈಫೈ ಪುಟದ ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್’ ಆಫ್ ಇರಬೇಕು. ಅದು ಆನ್ ಇದ್ದರೆ ರೂಟರ್‌ಗೆ ಕಾಣುವುದು ಲ್ಯಾಪ್‌ಟಾಪ್‌ನ ನಿಜ ಗುರುತಲ್ಲ. ಕಾಯ್ದಿರಿಸಿದ ವಿಳಾಸ ಕೈತಪ್ಪಬಹುದು.

ವೈಫೈ

ಲ್ಯಾಪ್‌ಟಾಪ್ ಯಾವ ಬ್ಯಾಂಡ್ (ರೇಡಿಯೊ ತರಂಗದ ಪಟ್ಟಿ) ಹಿಡಿದಿದೆ ಎಂದು ಪ್ರಾಪರ್ಟೀಸ್‌ನಲ್ಲಿ ಕಾಣುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಆದರೆ ಅದರಲ್ಲಿ ಒಂದಕ್ಕೊಂದು ತಗುಲದ ಚಾನೆಲ್‌ಗಳು 1, 6, 11 ಮೂರೇ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಮೇಲೆ, ಕೆಳಗೆ, ಪಕ್ಕದಲ್ಲಿ ರೂಟರ್‌ಗಳಿರುವಾಗ ಆ ಮೂರರಲ್ಲೇ ಎಲ್ಲರೂ ನುಗ್ಗಬೇಕು. ಅಲ್ಲಿ 5 ಗಿಗಾಹರ್ಟ್ಸ್ ಹಿಡಿಯುವುದೇ ಸರಿ. ತೊಟ್ಟಿಮನೆಯ ಕಲ್ಲುಗೋಡೆಗಳ ನಡುವೆ ಕೂತವರಿಗೆ 2.4 ಹೆಚ್ಚು ನಂಬಿಗಸ್ತ. ಲ್ಯಾಪ್‌ಟಾಪ್ ತಪ್ಪು ಬ್ಯಾಂಡ್‌ಗೇ ಅಂಟಿಕೊಂಡರೆ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್‌ನ ‘ಅಡ್ವಾನ್ಸ್ಡ್’ ಟ್ಯಾಬ್ ನೋಡಿ. ಇಂಟೆಲ್ ಕಾರ್ಡ್‌ಗಳಲ್ಲಿ ‘ಪ್ರಿಫರ್ಡ್ ಬ್ಯಾಂಡ್’ ಎಂಬ ಆಯ್ಕೆ ಇರುತ್ತದೆ.

‘ಮ್ಯಾನೇಜ್ ನೋನ್ ನೆಟ್‌ವರ್ಕ್ಸ್’ ಪಟ್ಟಿಯನ್ನು ಆಗಾಗ ಗುಡಿಸಿ. ಎಂದೋ ತಂಗಿದ ಲಾಡ್ಜ್, ಯಾವುದೋ ಕೆಫೆ, ನೆಂಟರ ಮದುವೆ ಛತ್ರ ಎಲ್ಲವೂ ಅಲ್ಲಿ ಕುಳಿತಿರುತ್ತವೆ. ಅದೇ ಹೆಸರಿನ, ಪಾಸ್‌ವರ್ಡ್ ಇಲ್ಲದ ವೈಫೈ ಬೇರೆಲ್ಲಾದರೂ ಎದುರಾದರೆ ನಿಮ್ಮನ್ನು ಕೇಳದೆಯೇ ಸೇರಿಕೊಳ್ಳಬಹುದು. ಬೇಡದ್ದಕ್ಕೆ ‘ಫರ್ಗೆಟ್’ ಒತ್ತಿ. ಮನೆಯ ರೂಟರ್ ಅಥವಾ ವೈಫೈ ಪಾಸ್‌ವರ್ಡ್ ಬದಲಿಸಿದ ಮೇಲೆ ಸಂಪರ್ಕ ಸಿಗದಿದ್ದರೂ ಇದೇ ಮದ್ದು: ಮರೆಸಿ, ಮತ್ತೆ ಸೇರಿಸಿ.

ನೆಟ್‌ವರ್ಕ್ ಪ್ರೊಫೈಲ್ ಹೊರಗಡೆ ‘ಪಬ್ಲಿಕ್’ ಆಗಿಯೇ ಇರಲಿ. ಪ್ರಿಂಟರ್ ಕಾಣಬೇಕು, ಫೈಲ್ ಹಂಚಬೇಕು ಎಂದರೆ ನಿಮ್ಮ ಸ್ವಂತ ಮನೆಯಲ್ಲಿ ಮಾತ್ರ ‘ಪ್ರೈವೇಟ್’ ಮಾಡಿ. ರೈಲು ನಿಲ್ದಾಣದ ರೈಲ್‌ವೈರ್‌ನಂತಹ ವೈಫೈಗಳಲ್ಲಿ ಮೊಬೈಲ್ ಸಂಖ್ಯೆ, ಒಟಿಪಿ ಕೇಳುವ ಪುಟ ತೆರೆಯದಿದ್ದರೆ ನೀವು ಕೈಯಾರೆ ಹಾಕಿಟ್ಟ ಡಿಎನ್‌ಎಸ್ ಅದಕ್ಕೆ ಅಡ್ಡಿಯಾಗಿರಬಹುದು. ಅದನ್ನು ಆಟೊಮ್ಯಾಟಿಕ್‌ಗೆ ತಂದು ನೋಡಿ.

ಎರಡೂ ಒಟ್ಟಿಗೆ ಇದ್ದಾಗ

ಕೇಬಲ್, ವೈಫೈ ಎರಡೂ ಸಂಪರ್ಕದಲ್ಲಿದ್ದರೆ ವಿಂಡೋಸ್ ಒಂದೊಂದಕ್ಕೂ ‘ಮೆಟ್ರಿಕ್’ ಎಂಬ ಅಂಕಿ ಕೊಟ್ಟು, ಕಡಿಮೆ ಅಂಕಿಯದನ್ನು ಮೊದಲು ಬಳಸುತ್ತದೆ. ಸಾಮಾನ್ಯವಾಗಿ ಗೆಲ್ಲುವುದು ಕೇಬಲ್. ತೊಂದರೆ ಬರುವುದು ಆ ಕೇಬಲ್‌ನ ತುದಿಯಲ್ಲಿ ಇಂಟರ್ನೆಟ್ ಇಲ್ಲದಿದ್ದಾಗ. ಪ್ರಯೋಗಾಲಯದ ಉಪಕರಣವನ್ನೋ ಕಾರ್ಖಾನೆಯ ಯಂತ್ರವನ್ನೋ ಕೇಬಲ್‌ನಿಂದ ಜೋಡಿಸಿ, ಮೊಬೈಲ್ ಹಾಟ್‌ಸ್ಪಾಟ್‌ನಿಂದ ಇಂಟರ್ನೆಟ್ ಪಡೆಯುವ ಎಂಜಿನಿಯರ್‌ಗಳು ಇದನ್ನು ಬಲ್ಲರು. ಈಥರ್ನೆಟ್‌ನ ಸ್ಥಿರ ವಿಳಾಸ ತುಂಬುವಾಗ ‘ಗೇಟ್‌ವೇ’ (ಹೊರಜಗತ್ತಿಗೆ ದಾರಿಯಾಗುವ ರೂಟರ್‌ನ ವಿಳಾಸ) ಜಾಗವನ್ನು ಖಾಲಿ ಬಿಡಿ. ಆಗ ಯಂತ್ರದ ಮಾತು ಕೇಬಲ್‌ನಲ್ಲಿ, ಹೊರಜಗತ್ತಿನ ಮಾತು ವೈಫೈಯಲ್ಲಿ ಸರಾಗವಾಗಿ ಹೋಗುತ್ತವೆ.

ಹಾಟ್‌ಸ್ಪಾಟ್ ಬಳಸುವಾಗ ಅದರ ಪ್ರಾಪರ್ಟೀಸ್‌ನಲ್ಲಿ ‘ಮೀಟರ್ಡ್ ಕನೆಕ್ಷನ್’ ಆನ್ ಮಾಡಿ. ದಿನಕ್ಕೆ 1.5 ಅಥವಾ 2 ಜಿಬಿ ಸಿಗುವ ಯೋಜನೆಯನ್ನು ವಿಂಡೋಸ್ ಅಪ್‌ಡೇಟ್ ಬೆಳಗಿನ ಕಾಫಿ ಮುಗಿಯುವುದರೊಳಗೆ ನುಂಗಿಬಿಡಬಲ್ಲದು. ಈ ಗುಂಡಿ ಒತ್ತಿದರೆ ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿ ಇಳಿಯದೆ ನಿಲ್ಲುತ್ತವೆ. ಒಂದು ಸಲ ಮಾಡಿದರೆ ಆ ಹಾಟ್‌ಸ್ಪಾಟ್‌ಗೆ ಅದು ಉಳಿಯುತ್ತದೆ, ಮನೆಯ ವೈಫೈಗೆ ತಗುಲುವುದಿಲ್ಲ.

ಕೊನೆಯ ಅಸ್ತ್ರ

‘ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್’ ಪುಟದ ಕೆಳಗಡೆ ‘ನೆಟ್‌ವರ್ಕ್ ರೀಸೆಟ್’ ಇದೆ. ಇದು ಎಲ್ಲ ನೆಟ್‌ವರ್ಕ್ ಅಡಾಪ್ಟರ್‌ಗಳನ್ನು ತೆಗೆದು ಮತ್ತೆ ಕೂರಿಸಿ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುತ್ತದೆ. ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿಯೂ ಬಗೆಹರಿಯದಾಗ ಮಾತ್ರ ಇದಕ್ಕೆ ಕೈ ಹಾಕಿ. ಒತ್ತುವ ಮೊದಲು ವೈಫೈ ಪಾಸ್‌ವರ್ಡ್, ಕಚೇರಿಯ ಸ್ಥಿರ ವಿಳಾಸ, ಡಿಎನ್‌ಎಸ್ ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಹೊರಗಿನಿಂದ ಕಚೇರಿಯ ನೆಟ್‌ವರ್ಕ್‌ಗೆ ಸೇರಿಸುವ ವಿಪಿಎನ್ ತಂತ್ರಾಂಶವನ್ನು ಮತ್ತೆ ಹಾಕಿಕೊಳ್ಳಬೇಕಾದೀತು. ಆದ್ದರಿಂದ ಸಭೆಗೆ ಅರ್ಧ ಗಂಟೆ ಇರುವಾಗ ರೀಸೆಟ್ ಬೇಡ. ಅಂದಿನ ಮಟ್ಟಿಗೆ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮುಗಿಸಿ, ಸಂಜೆ ಬಿಡುವಾದಾಗ ಮಾಡಿ.