ಇಂಗ್ಲಿಷ್ ಪ್ರಶ್ನೆಗೆ ಡೂ, ಈಸ್, ಹ್ಯಾವ್: ಆರಿಸುವುದು ಹೇಗೆ?

ಕನ್ನಡದಲ್ಲಿ ‘ಬಂದರು’ ಎಂಬುದರ ಕೊನೆಗೆ ‘ಆ’ ಸೇರಿಸಿದರೆ ಪ್ರಶ್ನೆ ಸಿದ್ಧ: ಬಂದರಾ? ಇಂಗ್ಲಿಷಿನಲ್ಲಿ ಈ ಕೆಲಸ ಕರ್ತೃವಿನ ಮುಂದೆ ನಿಲ್ಲುವ ಸಹಾಯಕ ಕ್ರಿಯಾಪದದ್ದು. ಅದಕ್ಕೆ ಪಟ್ಟಿ ಬಾಯಿಪಾಠ ಮಾಡಬೇಕಿಲ್ಲ. ಬರಬಹುದಾದ ಉತ್ತರವನ್ನು ಮೊದಲು ಪೂರ್ತಿ ವಾಕ್ಯವಾಗಿ ಬರೆಯಿರಿ.

ಆ ವಾಕ್ಯದಲ್ಲಿ ಈಸ್, ಆರ್, ವಾಸ್, ಕ್ಯಾನ್, ವಿಲ್, ಶುಡ್ ಇಂಥದ್ದೇನಾದರೂ ಇದ್ದರೆ ಅದನ್ನೇ ಮುಂದಕ್ಕೆ ತನ್ನಿ. ‘ಶಿ ಈಸ್ ಎ ಡಾಕ್ಟರ್’ ಎಂಬುದು ‘ಈಸ್ ಶಿ ಎ ಡಾಕ್ಟರ್?’ ಆಗುತ್ತದೆ. ಎರಡಿದ್ದರೆ ಮೊದಲನೆಯದು ಮಾತ್ರ ಜಾಗ ಬಿಡುತ್ತದೆ: ‘ಹ್ಯಾವ್ ದೇ ಬೀನ್ ವೇಟಿಂಗ್?’

ಯಾವುದೂ ಇಲ್ಲದಿದ್ದರೆ ಕ್ರಿಯಾಪದದ ರೂಪ ನೋಡಿ. ‘ಗೋ’ ಇದ್ದರೆ ಡೂ, ‘ಗೋಸ್’ ಇದ್ದರೆ ಡಸ್, ‘ವೆಂಟ್’ ಇದ್ದರೆ ಡಿಡ್. ಕಾಲದ ಗುರುತು ಡಿಡ್‌ಗೆ ಹೋದ ಮೇಲೆ ಕ್ರಿಯಾಪದ ಮೂಲರೂಪಕ್ಕೆ ಮರಳಲೇಬೇಕು: ‘ಡಿಡ್ ಯು ಗೋ?’ ‘ಡಿಡ್ ಯು ವೆಂಟ್?’ ಎಂದರೆ ಭೂತಕಾಲವನ್ನು ಎರಡು ಸಲ ಹೇಳಿದಂತೆ. ‘ಡಸ್ ಹಿ ಗೋಸ್?’ ತಪ್ಪಾಗುವುದೂ ಹೀಗೆಯೇ.

ಹೆಚ್ಚು ಕಾಡುವುದು ಹ್ಯಾವ್. ಉತ್ತರದ ವಾಕ್ಯದಲ್ಲಿ ಅದರ ನಂತರ ಈಟನ್, ಗಾನ್, ಸೀನ್‌ನಂಥ ಮೂರನೇ ರೂಪ ಬಂದರೆ ಅದು ಸಹಾಯಕ: ‘ಹ್ಯಾವ್ ಯು ಈಟನ್?’ ಕಾರು, ಜ್ವರ, ಸಮಯ ‘ಇದೆ’ ಎನ್ನುವಾಗ ಅದೇ ಮುಖ್ಯ ಕ್ರಿಯಾಪದ. ಆಗ ಡೂ ಬೇಕು: ‘ಡೂ ಯು ಹ್ಯಾವ್ ಎ ಕಾರ್?’ ‘ಹ್ಯಾಸ್ ಟು ಗೋ’ ಕೂಡ ಇದೇ ಗುಂಪಿನದು: ‘ಡಸ್ ಹಿ ಹ್ಯಾವ್ ಟು ಗೋ?’

ಕನ್ನಡದಿಂದಲೇ ನುಸುಳುವ ತಪ್ಪುಗಳಿವೆ. ‘ಗೊತ್ತಾ?’ ಎನ್ನಲು ಹೋಗಿ ‘ಆರ್ ಯು ನೋ?’ ಎನ್ನುತ್ತೇವೆ. ಉತ್ತರ ‘ಐ ನೋ’. ಅದರಲ್ಲಿ ‘ಆಮ್’ ಇಲ್ಲ. ಹಾಗಾಗಿ ‘ಡೂ ಯು ನೋ?’ ‘ಹುಟ್ಟಿದ್ದು ಯಾವಾಗ?’ ಎಂಬುದು ‘ವೆನ್ ಡಿಡ್ ಯು ಬಾರ್ನ್?’ ಆಗಿಬಿಡುತ್ತದೆ. ಉತ್ತರ ‘ಐ ವಾಸ್ ಬಾರ್ನ್ ಇನ್ 1998’; ಯು ಬಂದಾಗ ವಾಸ್ ವರ್ ಆಗುವುದರಿಂದ ‘ವೆನ್ ವರ್ ಯು ಬಾರ್ನ್?’ ಸರಿ. ವೈ, ವೇರ್ ಮುಂದಿದ್ದರೂ ಪದಗಳ ಅದಲುಬದಲು ತಪ್ಪದು: ‘ವೈ ಆರ್ ಯು ಲೇಟ್?’ ‘ಯು ಆರ್ ಕಮಿಂಗ್?’ ಎಂದು ದನಿ ಏರಿಸಿ ಕೇಳುವುದು ಮಾತಿನಲ್ಲಿ ನಡೆಯುತ್ತದೆ, ಪರೀಕ್ಷೆಯಲ್ಲಿ ಬೇಡ.

ಹೂ ಅಥವಾ ವಾಟ್ ತಾನೇ ಕರ್ತೃವಾದರೆ ಡಿಡ್ ಬೇಕಿಲ್ಲ: ‘ಹೂ ಬ್ರೋಕ್ ದಿ ಗ್ಲಾಸ್?’ ಆದರೆ ‘ಯಾರನ್ನು’ ಎಂದು ಕೇಳುವಾಗ ಬೇಕು: ‘ಹೂ ಡಿಡ್ ಯು ಮೀಟ್?’

ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಸೇರಿದಾಗ ಹೊರಗಿನದ್ದು ಮಾತ್ರ ಬದಲಾಗುತ್ತದೆ, ಒಳಗಿನದ್ದು ಹೇಳಿಕೆಯ ಕ್ರಮದಲ್ಲೇ ಇರುತ್ತದೆ: ‘ಡೂ ಯು ನೋ ವೇರ್ ದಿ ಬಸ್ ಸ್ಟ್ಯಾಂಡ್ ಈಸ್?’